ಜೇಬಿಲ್ಲದ ಅಂಗಿ

ಒಂದೇ ರಾತ್ರಿ ಕೂತು ಚಂದ್ರಭಾಗಿ
ನನ್ನ ಮೂರೂ ಅಂಗಿಗಳ ಜೇಬು ಬಿಚ್ಚಿದಳು.
ಬ್ಲೇಡಿನ ತುದಿಯಲ್ಲಿ ಒಂದೊಂದೇ ಹೊಲಿಗೆ ಕಿತ್ತು,
"ನಿನ್ನ ಬಾಯಿಗೆ ಹೇಳಿ ಸಾಕಾಯ್ತು,
ಇನ್ನು ಕೈಗೇ ಹೇಳ್ತೆ" ಎಂದಳು.

ಬೈತಖೋಲದ ಐಸ್ ಫ್ಯಾಕ್ಟರಿ. ನಸುಕಿನ ನಾಲ್ಕು.
ಮೋಟರು ನಿಲ್ಲುತ್ತದೆ.
ನಿಂತ ಆ ಸದ್ದೇ ಸನ್ನೆ, ಕೈ ಎದೆಗೆ ಹೊರಡುತ್ತದೆ.
ನಾನು ಕಳಿಸಿದ್ದಲ್ಲ. ಹದಿನೇಳು ವರ್ಷದ ರೂಢಿ,
ಸಂಜೆ ಎಮ್ಮೆ ತಾನೇ ಕೊಟ್ಟಿಗೆಗೆ ನಡೆದ ಹಾಗೆ.
ಒಳಗೆ ಗುಟ್ಕಾ ಇಲ್ಲ.
ಒಳಗೆಂಬುದೇ ಇಲ್ಲ.
ಕಿತ್ತ ದಾರದ ತೂತು, ಅದರ ಕೆಳಗೆ ಎದೆಬಡಿತ.
ಪೆಚ್ಚಾದ ಕೈ ನೋಡಿ ನನಗೇ ಪಾಪ ಅನ್ನಿಸಿತು.

ದವಾಖಾನೆಯ ಹುಡುಗಿ ಒಂದು ಪಟ್ಟಿ ಕೊಟ್ಟು
ಚಟ ಎದ್ದಾಗೆಲ್ಲ ಬರಿ ಅಂದಳು. ಬರೆದೆ:
ಮೋಟರು ನಿಂತಾಗ.
ಚಹಾ ಆದ ಮೇಲೆ.
ಇನಾಸ ತನ್ನ ಪೊಟ್ಟಣ ಹರಿದ ಸದ್ದಿಗೆ.
ಅಪ್ಪನ ನೆನಪಾದಾಗ. (ಇದನ್ನು ಗೀಚಿಹಾಕಿದೆ.)
"ಇಪ್ಪತ್ತೊಂದು ದಿನ ತಡಿ, ತಾನೇ ಹೋಗ್ತದೆ" ಅಂದ ಇನಾಸ.
ಹುಡುಗಿ ನಕ್ಕಳು: "ಒಬ್ಬೊಬ್ಬರ ಲೆಕ್ಕ ಒಂದೊಂದು.
ಕೈಗೆ ಬೇರೆ ಕೆಲಸ ಕೊಡಿ."

ಕೊಟ್ಟೆ. ಕೈ ಎದ್ದರೆ ಐಸಿನ ಚೂರು ಬಾಯಿಗೆ.
ಹುಳುಕು ಹಲ್ಲು ಚುಳ್ ಎಂದು
ಅಜ್ಜಿಯ ಹೆಸರು ಹಿಡಿದು ಕೂಗುವಂತಾಗುತ್ತಿತ್ತು.

ಜೂನು ಬಂತು. ಮೀನುಗಾರಿಕೆ ಬಂದು.
ಬೋಟುಗಳು ದಡಕ್ಕೆ, ಫ್ಯಾಕ್ಟರಿಗೆ ಬೀಗ.
ಎರಡು ತಿಂಗಳು ಕೈ ಮಡಿಲಲ್ಲೇ ಮಲಗಿತ್ತು.
ಗೆದ್ದೆ ಅಂದುಕೊಂಡೆ, ಸಾಲೆಮಾಸ್ತರಿಗೂ ಹೇಳಿಬಂದೆ.

ಆಗಸ್ಟ್ ಒಂದು. ಮೋಟರು ಶುರುವಾಯ್ತು.
ನಿಂತಿತು.
ಕೈ ಎದೆಯ ಮೇಲಿತ್ತು.

ಚಟ ನನ್ನೊಳಗೆ ಎಷ್ಟಿತ್ತೋ, ಈ ಗೋಡೆಯಲ್ಲೂ ಅಷ್ಟೇ ಇತ್ತು,
ಅಮೋನಿಯದ ವಾಸನೆಯಲ್ಲಿ, ಒದ್ದೆ ಹೊಟ್ಟಿನಲ್ಲಿ.
ಹಳ್ಳದ ಹಳೇ ಬಾಯಿಗೆ ಮರಳು ತುಂಬಿದರೂ
ಮೊದಲ ನೆರೆ ಅದನ್ನೇ ಹುಡುಕಿ ಬರುತ್ತದೆ.
ಐಸು ಒಡೆದೆ. ಒಂದು ಚೂರು.
ಆಮೇಲೆ ಇನ್ನೊಂದು.

ಮೊನ್ನೆ ಐತವಾರ, ಬಾವಿಕಟ್ಟೆಯಲ್ಲಿ
ಚಂದ್ರಭಾಗಿ ಅಂಗಿ ಒಗೆಯಲು ಕೂತಿದ್ದಳು.
ನೀರಿಗೆ ಅದ್ದುವ ಮೊದಲು
ಅವಳ ಎರಡು ಬೆರಳು ಎಡ ಎದೆಗೆ ಸರಿದವು,
ಪೊಟ್ಟಣ ಉಳಿದಿದ್ದರೆ ತೆಗೆದಿಡಲು.

ಜೇಬು ಕಿತ್ತವಳು ಅವಳೇ.
ತಲೆ ಎತ್ತಿದಳು, ನಾನು ನೋಡಿದ್ದನ್ನು ನೋಡಿದಳು.
"ಸೋಪು ಕೊಡು" ಅಂದಳು.