ಒಂದು ಗಂಟೆಯ ಊಟಕ್ಕೆ

ಬೆಳಿಗ್ಗೆ ಆರಕ್ಕೇ ನೌರಾ ಬಿಟ್ಟೆವು, ನಾನೂ ನೆವಿಲ್ಲೂ.
ಅವನ ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ಪುಡ್ಡಿಂಗ್.
ಹಿಂದಿನ ಸೀಟಿನಲ್ಲಿಡು ಅಂದರೆ ಕೇಳಲಿಲ್ಲ.
ತಿರುವುಗಳಿವೆ, ಉರುಳುತ್ತೆ, ಅಂದ.
ಅಷ್ಟೇ. ಅಲ್ಲಿಂದ ಬೇಟ್‌ಮನ್ಸ್ ಬೇವರೆಗೆ ಮಾತಿಲ್ಲ.

ಕ್ರಿಸ್‌ಮಸ್ ದಿನ. ಎಂಟು ಗಂಟೆಗೇ ಮೂವತ್ತು ಡಿಗ್ರಿ,
ಸ್ಟಿಯರಿಂಗ್ ಕಾದ ಕಾವಲಿ.
ಕಾರಿನ ಎಸಿ ಈಸ್ಟರಿನಲ್ಲೇ ಕೈಕೊಟ್ಟಿತ್ತು.
ರೇಡಿಯೋದವರು ಮಾತ್ರ ಇನ್ನೂ
ಹಿಮ, ಜಾರುಬಂಡಿ, ಉಣ್ಣೆಯ ಕೈಗವಸು ಅನ್ನುತ್ತಿದ್ದರು.
ನೆವಿಲ್ ಕೈಚಾಚಿ ಆರಿಸಿದ.
ಆಮೇಲೆ ಕಿಟಕಿಯಿಂದ ಬರೀ ಜೀರುಂಡೆ,
ಮೈಲಿಗಟ್ಟಲೆ, ಎಣ್ಣೆಗೆ ಬಿದ್ದ ಹಪ್ಪಳದ ಸದ್ದು.

ಅಮ್ಮ ಈಡನ್‌ನಲ್ಲಿದ್ದಾಳೆ, ಗ್ರಾಂಟ್ ಅನ್ನುವವನ ಜೊತೆ.
ಅವನದೊಂದು ದೋಣಿ. ದೋಣಿಗೆ ಅಮ್ಮನ ಹೆಸರು.
ಇಬ್ಬರೂ ಬನ್ನಿ, ಒಂದು ಗಂಟೆಗೆ ಊಟ, ಅಂತ
ಫೋನಿನಲ್ಲಿ ಎಷ್ಟು ಸಲೀಸಾಗಿ ಕರೆದಳೋ,
ಹನ್ನೆರಡು ವರ್ಷ ಅವಳ ಗಂಡನಾಗಿದ್ದವನು
ಅಷ್ಟೇ ಸಲೀಸಾಗಿ ಆಗಲಿ ಅಂದ.
ಆಮೇಲೆ ಅವಳದೇ ಕೈಬರಹದ ಚೀಟಿ ಗೋಡೆಗೆ ಅಂಟಿಸಿ
ಒಣದ್ರಾಕ್ಷಿ ನೆನೆಸಿದ, ಬ್ರಾಂದಿ ಹೊಯ್ದ, ಆರು ಗಂಟೆ ಬೇಯಿಸಿದ,
ಗ್ಯಾರೇಜಿನಲ್ಲಿ ನನ್ನ ಹಳೆಯ ಸೈಕಲ್ಲಿನ ಪಕ್ಕ ನೇತುಹಾಕಿದ.

ನನ್ನ ಅಪ್ಪನಲ್ಲ ಇವನು.
ಮಲತಂದೆ ಅನ್ನೋಣವೆಂದರೆ ಆ ಹಗ್ಗದ ಆಚೆ ತುದಿ
ಅಮ್ಮನ ಕೈಯಲ್ಲಿತ್ತು. ಬಿಟ್ಟಿದ್ದಾಳೆ.
ಈಚೆ ತುದಿ ಹಿಡಿದು ನಾನು ಗೇರು ಬದಲಿಸುತ್ತೇನೆ.

ಸಮುದ್ರ ಅವನ ಕಡೆಗಿತ್ತು, ಎಡಕ್ಕೆ.
ನನ್ನ ಕಡೆ ಸುಟ್ಟ ಕಾಡು. ಆ ಬೇಸಿಗೆಯ ಬೆಂಕಿ ಆರಿ
ವರ್ಷಗಳಾದರೂ ಕಾಂಡಗಳು ಇದ್ದಲು.
ಕೊಂಬೆಗೆ ಕಾಯದೆ ಕಾಂಡದ ಮೈಯಿಂದಲೇ
ಚಿಗುರು ಹೊರಟಿದೆ, ತೋಳಿಗೆ ರೋಮ ಬಂದ ಹಾಗೆ.
ಬರ್ಮಗುಯಿ ಆದಮೇಲೆ ಒಂದೇ ಗಾಡಿ ಹಿಡಿಸುವ ಮರದ ಸೇತುವೆ.
ಎದುರಿನ ಕಾರಿನ ಮುದುಕಿ, ತಲೆಗೆ ಕಾಗದದ ಜಿಂಕೆಕೊಂಬು,
ನಮಗೆ ದಾರಿ ಬಿಟ್ಟು ಸ್ಟಿಯರಿಂಗಿನಿಂದ
ಒಂದೇ ಬೆರಳೆತ್ತಿದಳು. ನೆವಿಲ್ಲೂ ಎತ್ತಿದ,
ಪುಡ್ಡಿಂಗಿನ ಮೇಲಿಂದ, ಒಂದು.
ಹಲಗೆಗಳು ದಡದಡ ಅಂದವು.

ತಾತ್ರಾ ಬಂತು. ಇಲ್ಲಿ ನಿಲ್ಲಿಸು, ಅಂದ.
ಹನ್ನೊಂದೂವರೆ. ಈಡನ್ ಇನ್ನೊಂದು ಗಂಟೆಯ ದಾರಿ.
ಹಳೆಯ ಕಟ್ಟೆಯ ತುದಿಗೆ ನಡೆದ, ಕಟ್ಟು ಎದೆಗವಚಿ.
ಗಾಳ ಹಾಕಿದವರ ಬಕೆಟ್‌ಗಳ ನಡುವೆ ಕೂತು
ಗಂಟು ಬಿಚ್ಚಿದ.
ಬೆವೆತಿತ್ತು ಅದೂ.

ನಾನು ಬೇಡ ಅನ್ನಲಿಲ್ಲ.
ಪಕ್ಕದವನ ಮೀನು ಕೊಯ್ಯುವ ಚಾಕು ಬೇಡಿದ,
ಅವನು ಅಂಗಿಗೆ ಎರಡು ಸಲ ಒರೆಸಿ ಕೊಟ್ಟ.
ಕ್ಯಾನ್‌ಬೆರಾದಿಂದ ಬಂದವರಂತೆ, ತಂದೆ ಮಗಳು,
ಬಕೆಟ್ಟಿನಲ್ಲಿ ಮೂರು ಸ್ಕ್ವಿಡ್, ಮೈಬಣ್ಣ ಬದಲಿಸುತ್ತ.
ಹುಡುಗಿಗೂ ಒಂದು ತುಂಡು.
ಕಚ್ಚಿದವಳು ಕಟಕ್ಕೆಂದು ನಿಂತು
ಬಾಯಿಂದ ಬೆಳ್ಳಿ ತೆಗೆದಳು.
ಆರು ಪೆನ್ನಿಯ ನಾಣ್ಯ, ನೆವಿಲ್‌ನ ಅಜ್ಜಿಯ ಕಾಲದ್ದು.
ಪ್ರತಿ ವರ್ಷ ಅದು ಅಮ್ಮನ ಪಾಲಿಗೇ ಬರುತ್ತಿತ್ತು.
ಇವನೇ ಗುರುತಿಟ್ಟು ಬಡಿಸುತ್ತಿದ್ದನೆಂದು
ಈಗಷ್ಟೇ ನನಗೆ ಹೊಳೆಯಿತು.

ಹುಡುಗಿ ಮರಳಿಸಲು ಬಂದಳು. ಇರಲಿ ಇಟ್ಟುಕೋ, ಅಂದ,
ಈ ಸಲ ಗುರುತು ಹಾಕಿರಲಿಲ್ಲ.

ನಿಮ್ಮಪ್ಪ ಚೆನ್ನಾಗಿ ಮಾಡುತ್ತಾರೆ, ಎಂದ ಚಾಕುವಿನವನು.
ನನ್ನ ಬಾಯಿ ತುಂಬಿತ್ತು.
ತಲೆಯಾಡಿಸಿದೆ.

ಉಳಿದರ್ಧವನ್ನು ಮತ್ತೆ ಬಟ್ಟೆಗೆ ಕಟ್ಟಿದ,
ಗಂಟು ಈಗ ಸಡಿಲ, ಬಟ್ಟೆ ಜಾಸ್ತಿ.
ತಡವಾಗುತ್ತೆ ಅಂತ ಫೋನು ಮಾಡಲೇ, ಕೇಳಿದೆ.
ಬೇಡ, ಅಂದ. ಕಾರಿನ ಹತ್ತಿರ ಬಂದು ಒಂದು ಕ್ಷಣ ನಿಂತು
ಹಿಂದಿನ ಬಾಗಿಲು ತೆರೆದು
ಸೀಟಿನ ಮೇಲಿಟ್ಟ.

ಮರಿಂಬುಲಾದ ತಿರುವಿನಲ್ಲಿ ಅದು ಉರುಳಿದ ಸದ್ದಾಯಿತು.
ಇಬ್ಬರೂ ತಿರುಗಿ ನೋಡಲಿಲ್ಲ.