ಭೂತಗನ್ನಡಿ

ನಲವತ್ತಾರಕ್ಕೆ ದಾರ
ಸೂಜಿಗಣ್ಣಿನ ಪಕ್ಕದಲ್ಲೇ ಹಾದುಹೋಗತೊಡಗಿತು.
ಎಂಜಲು ಹಚ್ಚಿ ಹೊಸೆದೆ, ಕೈ ದೂರ ಚಾಚಿದೆ,
ಇನ್ನೂ ದೂರಕ್ಕೆ ತೋಳು ಸಾಲಲಿಲ್ಲ.

ಬ್ರೂಸ್‌ಪೇಟೆಯ ಕನ್ನಡಕದಂಗಡಿ ತಿಪ್ಪೇರುದ್ರ
ಅಕ್ಷರದ ಹಲಗೆ ತೋರಿಸಿ ಓದು ಅಂದ.
ಓದಾಕಲ್ಲಪ, ರಫೂ ಮಾಡಾಕ, ಅಂದೆ.
ಚೀಲದಿಂದ ನನ್ನ ಹಲಗೆ ತೆಗೆದೆ:
ಇಲಿ ಕಚ್ಚಿದ ಕರಿಕೋಟಿನ ತೋಳು,
ಹನ್ನೆರಡನೇ ನಂಬರಿನ ಸೂಜಿ,
ಅದೇ ಕೋಟಿನ ಒಳಮಡಿಕೆಯಿಂದ ಕದ್ದ ಒಂದೆಳೆ.

ಒಂದೂವರೆ ಹಾಕಿದ. ಬಟ್ಟೆ ಬರೀ ಬಟ್ಟೆ.
ಎರಡೂವರೆಗೆ ಹಾಸು ಹೊಕ್ಕು
ಪಾಲಾದ ಅಣ್ಣತಮ್ಮಂದಿರ ಹಾಗೆ ಬೇರೆಬೇರೆ ನಿಂತವು.
ನಾಲ್ಕಕ್ಕೆ ಮೂಗು ಬಟ್ಟೆಗೇ ತಾಗಬೇಕು,
ಸಂಜೆಯ ಹೊತ್ತಿಗೆ ಕತ್ತು ಸಾಯುತ್ತದೆ.
ಕೊನೆಗೆ ವಾಚು ರಿಪೇರಿಯವರ ಪುಟ್ಟ ಗಾಜು, ಹತ್ತು ಪಟ್ಟಿನದು,
ಕಣ್ಣಿಗೆ ಸಿಕ್ಕಿಸಿಕೊಂಡೆ.
ಎಳೆಯೆಲ್ಲ ಹಗ್ಗ!
ಹಗ್ಗದ ಮೇಲೆ ನಮ್ಮೋಣಿ ಜೀನ್ಸಿನವರ ನೀಲಿ ಧೂಳು.
ಆದರೆ ಗಾಜಿಗೂ ಬಟ್ಟೆಗೂ ನಡುವೆ
ಸೂಜಿ ತಿರುಗಲು ಜಾಗವಿಲ್ಲ.
ಕಾಣುತ್ತದೆ, ಮಾಡಲಾಗದು.
ವಾಪಸ್ ಕೊಟ್ಟೆ.

ಎರಡೂವರೆಯ ಕನ್ನಡಕ. ಜೊತೆಗೆ
ಕೊರಳಿಗೆ ನೇತುಬೀಳುವ ಭೂತಗನ್ನಡಿ, ಎರಡು ಪಟ್ಟು,
ಅದರ ಮೂಲೆಯಲ್ಲಿ ಬೇಳೆಯಷ್ಟಗಲ ಐದು ಪಟ್ಟು.
"ಅದು ಹುಡುಕಾಕ ಮಾತ್ರ ಹಂಪಮ್ಮಕ್ಕ, ದುಡಿಯಾಕಲ್ಲ."

ಬೆಳಕಿನ ವ್ಯವಹಾರ ಅಂಗಡಿಯಲ್ಲಿ ಮುಗಿಯುವುದಿಲ್ಲ.
ಹಳದಿ ಬಲ್ಬಿನಡಿ ಕಡುನೀಲಿಯೂ ಕಪ್ಪು.
ಅಗ್ಗದ ಬಿಳಿ ಬಲ್ಬಿನಡಿ ಕುಂಕುಮಗೆಂಪು ಇಟ್ಟಿಗೆ.
ರಾತ್ರಿ ಹಾಕಿದ ರಫೂ
ಬೆಳಿಗ್ಗೆ ಪರವೂರಿನವನಂತೆ ಎದ್ದು ಕೂತಿತ್ತು, ಪೂರಾ ಬಿಚ್ಚಿದೆ.
ದೀಪ ಬಲಕ್ಕಿದ್ದರೆ ನನ್ನ ಕೈ ನೆರಳೇ ತೂತು ಮುಚ್ಚುತ್ತದೆ,
ಎಡಕ್ಕಿಟ್ಟೆ.
ನೆತ್ತಿಗಿದ್ದರೆ ಜರಿ ಕಣ್ಣಿಗೆ ಹೊಡೆಯುತ್ತದೆ,
ಬಗ್ಗಿಸಿ ಅಡ್ಡ ಬಿಟ್ಟೆ,
ಬಟ್ಟೆ ತುಂಬ ಇಳಿಹೊತ್ತಿನ ಕುಂಟೆಸಾಲು.
ಕರಿಬಟ್ಟೆಯಾದರೆ ತೊಡೆ ಮೇಲೊಂದು ಬಿಳಿ ಪಂಚೆ,
ತೂತಿನೊಳಗಿಂದ ಬೆಳಕು ತಾನೇ ಮೇಲೆ ಬರುತ್ತದೆ.

ಬಣ್ಣ ಕೂಡಿಸಲು ಮಾತ್ರ ಹೊಸ್ತಿಲೇ ಬೇಕು.
"ಹನ್ನೊಂದರ ಬಿಸ್ಲು ಸುಳ್ಳು ಹೇಳಂಗಿಲ್ಲ ಬೇಟಿ,
ಒಂದರ ಬಿಸ್ಲಿಗೆ ಎಲ್ಲಾ ಬಣ್ಣಾನೂ ಒಂದೇ."
ಹೀಗೆ ಹೇಳಿದ ಖಾಸಿಂಬಿ ಕೌಲ್‌ಬಜಾರಿನ ಈ ಹೊಸ್ತಿಲಲ್ಲಿ
ಗುಡ್ಡದ ಬಂಡೆಗೆ ಮುಖ ಮಾಡಿ ಕೂತು
ಬರಿಗಣ್ಣಲ್ಲೇ ಒಂದು ಆಯುಷ್ಯ ತೇಪೆ ಹಾಕಿದಳು.
ನನಗೆ ಸೂಜಿ ಹಿಡಿಸಿದ್ದೂ ಅವಳೇ.

ಮೊನ್ನೆ ಸಿರುಗುಪ್ಪದ ಹುಡುಗಿ
ಅಜ್ಜಿಯ ಧಾರೆ ಸೀರೆ ತಂದಿದ್ದಳು,
ಬಾಗಿಲ ಮೊಳೆಗೆ ಸಿಕ್ಕಿ ಬೆರಳುದ್ದ ಹರಕು.
ಹೊಂದುವ ಎಳೆಗಾಗಿ ಐದರ ಬೇಳೆಯನ್ನು
ಸೆರಗಿನ ಮೇಲೆ ಆಡಿಸುತ್ತಿದ್ದೆ.
ಹರಕಿನಿಂದ ಗೇಣು ದೂರ,
ಏನೂ ಆಗಿರದ ಕಡೆ ಕೈ ನಿಂತಿತು.
ಅಲ್ಲಿ ಹಾಸು ಕೂದಲಷ್ಟು ದಪ್ಪ.
ಸಾಲಿನ ಕೊನೆಗೆ ಗಂಟಿಲ್ಲ,
ತುದಿಯನ್ನು ಬಲದಿಂದ ಎಡಕ್ಕೆ ಮಡಚಿ ಅಡಗಿಸಿದೆ.
ಎಡಗೈಯವರ ಮಡಿಕೆ ಅದು.
ಬಜಾರಿಗೆಲ್ಲ ಎಡಗೈ ರಫೂ ಒಬ್ಬಳದೇ.

ಇಲ್ಲಿ ಯಾವಾಗ ಹರಿದಿತ್ತಮ್ಮ?
"ಎಲ್ಲಿ? ಅಲ್ಲೇನೂ ಹರಿದೇ ಇಲ್ಲಲ್ರೀ."

ಏಳನೇ ಸಾಲಿನಲ್ಲಿ ಒಂದೆಳೆ ತಪ್ಪಿತ್ತು.
ಖಾಸಿಂಬಿ ತಪ್ಪುವವಳಲ್ಲ.
ಆಗ ನೆನಪಾಯಿತು. ಕೊನೆಯ ವರ್ಷ
ಸೂಜಿಗೆಲ್ಲ ದಾರ ನೀನೇ ಪೋಣಿಸು ಅನ್ನುತ್ತಿದ್ದಳು.
ನನಗೆ ಕಲಿಸುತ್ತಿದ್ದಾಳೆ ಅಂದುಕೊಂಡಿದ್ದೆ.

ಸರಿ ಮಾಡಬಹುದಿತ್ತು, ಎರಡು ನಿಮಿಷದ ಕೆಲಸ.
ದೀಪವನ್ನೊಮ್ಮೆ ಬಲಕ್ಕೆ, ಅವಳ ಕಡೆಗೆ, ಸರಿಸಿ ನೋಡಿದೆ.
ಸೂಜಿ ಮುಟ್ಟಲಿಲ್ಲ.
ಮತ್ತೆ ಎಡಕ್ಕೆ ತಂದು ನನ್ನ ಹರಕಿಗೆ ಕೂತೆ,
ಎರಡು ಪಟ್ಟಿನಲ್ಲಿ.

ಮರುದಿನ ಹನ್ನೊಂದಕ್ಕೆ ಬಂದ ಹುಡುಗಿ
ಸೆರಗನ್ನು ಹೊಸ್ತಿಲ ಬಿಸಿಲಿಗೆ ಹಿಡಿದು
ಎಲ್ಲಿ ಮಾಡಿದ್ರಿ, ಎಲ್ಲಿ ಮಾಡಿದ್ರಿ ಅಂತ ಹುಡುಕಿದಳು.
ಎರಡೂ ಸಿಗಲಿಲ್ಲ.