ಮೂರನೆಯ ಪದ

ಬೈಕಲ್ಲಾದ ಈ ಚರ್ಚು
ಒಂಬತ್ತರಿಂದ ಹತ್ತೂಮುಕ್ಕಾಲರವರೆಗೆ ಮಾತ್ರ ಕನ್ನಡ.
ಮುಂಚೆ ತಮಿಳು, ಆಮೇಲೆ ಮರಾಠಿ;
ಬೆಂಚು ಬೆಚ್ಚಗಿರುವಾಗಲೇ ಭಾಷೆ ಬದಲಾಗುತ್ತದೆ.

ಕಮಿಟಿ ಸೇರಿದ್ದು ಹಿಂದಿನ ಕೋಣೆಯಲ್ಲಿ,
ಮುರಿದ ಹಾರ್ಮೋನಿಯಂ, ಕ್ರಿಸ್‌ಮಸ್ ನಾಟಕದ
ರಟ್ಟಿನ ರೆಕ್ಕೆಗಳ ನಡುವೆ.
ನಾನು ಫೆಬೆ, ಕಾರ್ಯದರ್ಶಿ, ಮಿನಿಟ್ಸ್ ಬರೆಯುವವಳು.
ವಿಷಯ ನಂಬರು ಏಳು:
ಪ್ರಸಂಗಪೀಠದ ಮೇಲೆ ಯಾವ ಬೈಬಲು.

ಹಳೆಯದು ಮೇಜಿನ ಮೇಲೇ ಇತ್ತು,
ಬೆನ್ನಿಗೆ ಗಿರಣಿಯ ಕ್ಯಾನ್ವಾಸು ಹೊಲಿದು.
ಹೊಸದು ಇನ್ನೂ ಪ್ಲಾಸ್ಟಿಕ್ಕಿನೊಳಗೆ ಬೆವರುತ್ತಿತ್ತು.

ಎಲ್ಕಾನ ಮೇಷ್ಟ್ರು ಎದ್ದರು:
"ಒಂದು ಕೊಂಬು, ಒಂದು ದೀರ್ಘ ಕಿತ್ತರೂ ಪಾಪ.
ನನ್ನ ತಾಯಿ ಇದರ ಮೇಲೆ ಕೈಯಿಟ್ಟು ಸತ್ತಳು.
ದೇವರು ಆಕೆಯ ಹತ್ತಿರ
ಹೊಸ ಕನ್ನಡದಲ್ಲಿ ಮಾತಾಡಲಿಲ್ಲ."

ಪಾಸ್ಟರ್ ಸುಜ್ಞಾನ, ಪುಣೆಯಲ್ಲಿ ಹೀಬ್ರೂ ಕಲಿತವರು,
ದನಿ ಏರಿಸುವುದಿಲ್ಲ:
"ಮೇಷ್ಟ್ರೇ, ಅದೂ ಅನುವಾದವೇ.
ಹಡಗಿನಲ್ಲಿ ಬಂದ ಯಾರೋ ಪಾದ್ರಿ, ಪಕ್ಕದಲ್ಲಿ ಯಾರೋ ಮುನ್ಷಿ,
ಮಧ್ಯಾಹ್ನದ ಸೆಕೆಯಲ್ಲಿ ಹುಡುಕಿದ ಪದಗಳು.
ಇಪ್ಪತ್ತಮೂರನೆಯ ಕೀರ್ತನೆ, ಮೊದಲ ಸಾಲು, ಮೂರನೆಯ ಪದ:
ಕುರುಬ. ದೇವರಿಗೆ ಜಾತಿ ಹಚ್ಚಬಹುದೆ?
ಮೂಲದಲ್ಲಿ ಬರೀ ಮೇಯಿಸುವವನು.
ಹೊಸದರಲ್ಲಿ ಕುರಿಗಾಹಿ. ಸ್ವಚ್ಛವಾಗಿದೆ."

ಸ್ವಚ್ಛ ಎಂಬ ಮಾತು ಮೇಜಿನ ಮೇಲೆ ಉಳಿಯಿತು,
ಯಾರೂ ಮುಟ್ಟದ ಬಿಸ್ಕತ್ತಿನ ಹಾಗೆ.

ಆಗ ತಿಮೊಥಿ ಕಂಬಳಿ ಕೆಮ್ಮಿದರು.
ಬೆಟಗೇರಿಯಿಂದ ಬಂದು ಐವತ್ತೆರಡು ವರ್ಷ;
ಮುಂಬಯಿ ಅವರನ್ನು ಕಾಂಬ್ಳಿ ಮಾಡಿಕೊಂಡು
ಮರಾಠಿಯಲ್ಲೇ ಜಗಳಾಡಿತು.
ದೇವನಾರದ ಕಸಾಯಿಖಾನೆಯ ಗೇಟಿನಲ್ಲಿ
ಲಾರಿಯಿಂದಿಳಿದ ಕುರಿ ಎಣಿಸುವ ಕೆಲಸ, ರಿಟೈರಾಗುವ ತನಕ.
ಒಳಗೆ ಹೋದವು ಎಷ್ಟು ಎಂದಷ್ಟೇ ಬರೆಯುವುದು.
ಹೊರಗೆ ಬಂದದ್ದರ ಕಾಲಮ್ಮು ಆ ಪುಸ್ತಕದಲ್ಲಿರಲಿಲ್ಲ.

"ನಮ್ಮಜ್ಜ ಕುರುಬರಾಂವ," ಅಂದರು, ಟೋಪಿ ತೆಗೆದು.
"ಕುರಿ ಬಿಟ್ಟು ಮಗ್ಗಕ್ಕ ಬಂದ, ಮಗ್ಗದಿಂದ ಸಭೆಗೆ ಬಂದ.
ನೀ ಇನ್ನ ಕುರುಬ ಅಲ್ಲ ಅಂದ್ರು ಊರಾಗಿನ ಮಂದಿ.
ಸಭೆಯಾಗಿನ ಮಂದಿ ಬೆನ್ನ ಹಿಂದ ಕುರುಬ ಅಂದ್ರು.
ಓದಾಕ ಕಲ್ತ ಮ್ಯಾಲೆ ಅಂವ ಮೊದ್ಲ ಬೆರಳಿಟ್ಟ ಶಬ್ದ ಇದು.
ನನ್ನ ಹೆಸರ ಇಲ್ಲೈತಿ, ಯಾರ ಬಾಜೂಕ ಐತಿ ನೋಡ, ಅಂತಿದ್ದ.
ಜಾತಿ ತಗೀರಿ ಪಾಸ್ಟರ, ಛಲೋ ಆತು.
ಮೊದ್ಲ ಲಗ್ನದ ಮಾತಿನಾಗಿಂದ ತಗೀರಿ.
ಗೋರಿ ಸಾಲಿನಾಗಿಂದ ತಗೀರಿ.
ಇದನ್ನ ಕಡೀಕ ತಗೀರಿ."

ಪಾಸ್ಟರ್ ನೆಲ ನೋಡಿದರು.
ತಮ್ಮ ಕಡೆಗೊಂದು ಮತ ಬಂತೆಂದು ಹಿಗ್ಗಿದ ಮೇಷ್ಟ್ರು,
ಮಗಳಿಗೆ ಗಂಡು ನೋಡುವಾಗ
ಏನೇನು ವಿಚಾರಿಸಿದ್ದರೋ ನೆನಪಾಗಿರಬೇಕು,
ಕನ್ನಡಕ ಒರೆಸಿದರು, ಬಹಳ ಹೊತ್ತು.
ನನ್ನ ಮಗಳು ಕನ್ನಡ ಹಾಡನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾಳೆ;
ಅವಳಿಗೆ ಎರಡು ಪುಸ್ತಕವೂ ಚಿತ್ರ.

ಕೈ ಎತ್ತಿಸಿದೆ. ಹನ್ನೊಂದು, ಎಂಟು. ಹೊಸದು.
ಕಂಬಳಿಯವರ ಕೈ ಎರಡೂ ಸಲ ತೊಡೆಯ ಮೇಲೇ ಇತ್ತು.

ಮುಂದಿನ ಭಾನುವಾರ ವಾಚನದ ಸರದಿ ಅವರದೇ.
ಪದಕ್ಕೊಂದು ಬೆರಳಿಟ್ಟು, ಎಣಿಸುವವರ ಹಾಗೆ,
ಕುರಿಗಾಹಿ, ಅಂದರು, ಅಚ್ಚಾದಂತೆಯೇ.
ನಾವು ಸಿದ್ಧಮಾಡಿಕೊಂಡಿದ್ದ ಮೌನ ದಂಡವಾಯಿತು.

ಮೆಟ್ಟಿಲ ಬಳಿ, ಬಕ್ರೀದಿಗೆ ಮೂರೇ ದಿನ,
ಗ್ಯಾರೇಜಿನವರು ಕಟ್ಟಿದ ಟಗರೊಂದು
ಮರಾಠಿ ಸಭೆಯವರ ಚಪ್ಪಲಿ ಮೂಸುತ್ತಿತ್ತು.
ಕಂಬಳಿ ನಾಲಗೆಯನ್ನು ಅಂಗುಳಿಗೆ ತಾಗಿಸಿ
ಒಂದು ಸದ್ದು ಮಾಡಿದರು.
ಅದು ತಲೆಯೆತ್ತಿತು, ಕಿವಿ ಹೊರಳಿಸಿತು,
ಹಗ್ಗ ಬಿಟ್ಟಷ್ಟು ದೂರ ಬಂತು.

"ಸರಿ ಓದಿದ್ನೇನವಾ?"
ಹೂಂ ಅಂದೆ.

ಆ ಸದ್ದಿಗೆ ಯಾವ ಅಕ್ಷರ ಎಂದು
ಲೋಕಲ್ಲಿನಲ್ಲಿ ಘಾಟ್‌ಕೋಪರದ ತನಕ ಯೋಚಿಸಿದೆ.
ಮಿನಿಟ್ಸಿನಲ್ಲಿ ಇರುವುದಿಷ್ಟು:
ವಿಷಯ ಏಳು, ಬಹುಮತದಿಂದ ಅಂಗೀಕಾರ.
ಹಳೆಯ ಪುಸ್ತಕವನ್ನು ಕಪಾಟಿನಲ್ಲಿ ಇಡತಕ್ಕದ್ದು.
ಕೀಲಿಕೈ ಕಾರ್ಯದರ್ಶಿಯ ಹತ್ತಿರ.